ನಿರೀಕ್ಷೆಗಿಂತ ಮಂಕಾಗಿ ಕಂಡ ಸೂಪರ್‌ನೋವಾಗಳು

ವಿಶ್ವ ಹಿಗ್ಗುತ್ತಿದೆ ಎಂಬುದಕ್ಕೆ ಎಡ್ವಿನ್ ಹಬಲ್ 1929ರಲ್ಲಿ ಪ್ರಕಟಿಸಿದ ಅಳತೆಗಳು ಗಟ್ಟಿ ಆಧಾರ ಒದಗಿಸಿದವು. ಗೆಲಾಕ್ಸಿ ದೂರವಿದ್ದಷ್ಟೂ ಅದು ನಮ್ಮಿಂದ ಸರಿಯುವ ವೇಗ ಹೆಚ್ಚು. ವಿಶ್ವದ ದ್ರವ್ಯವೆಲ್ಲ ಗುರುತ್ವದಿಂದ ಒಂದನ್ನೊಂದು ಎಳೆಯುವುದರಿಂದ ಈ ಹಿಗ್ಗುವಿಕೆ ಬರಬರುತ್ತ ನಿಧಾನವಾಗಲೇಬೇಕು ಎಂದು ಬಹುತೇಕ ಎಲ್ಲರೂ ನಂಬಿದ್ದರು. ಎಷ್ಟು ನಿಧಾನ ಎಂಬ ಲೆಕ್ಕವೊಂದೇ ಬಾಕಿ. 1990ರ ದಶಕದಲ್ಲಿ ಸಾಲ್ ಪರ್ಲ್‌ಮಟರ್ ಅವರ ತಂಡವೂ, ಬ್ರಯನ್ ಶ್ಮಿಟ್ ಮತ್ತು ಆಡಮ್ ರೀಸ್ ಇದ್ದ ಇನ್ನೊಂದು ತಂಡವೂ ಪೈಪೋಟಿಯಲ್ಲೇ ಈ ಕೆಲಸಕ್ಕಿಳಿದವು.

ಅಳತೆಗೋಲಾಗಿ ಅವರು ಆರಿಸಿಕೊಂಡದ್ದು 1ಎ ಬಗೆಯ ಸೂಪರ್‌ನೋವಾಗಳನ್ನು. ಶ್ವೇತಕುಬ್ಜ ನಕ್ಷತ್ರವೊಂದು ಸಂಗಾತಿಯ ದ್ರವ್ಯವನ್ನು ಸೆಳೆದುಕೊಂಡು, ಸುಬ್ರಹ್ಮಣ್ಯನ್ ಚಂದ್ರಶೇಖರ್ ಲೆಕ್ಕಹಾಕಿದ ಮಿತಿಯನ್ನು, ಅಂದರೆ ಸೂರ್ಯನ ಸುಮಾರು 1.4 ಪಟ್ಟು ದ್ರವ್ಯರಾಶಿಯನ್ನು, ಸಮೀಪಿಸಿದಾಗ ಸ್ಫೋಟಿಸುತ್ತದೆ ಎಂಬುದು ಇವುಗಳ ಬಗ್ಗೆ ಇರುವ ಪ್ರಚಲಿತ ವಿವರಣೆ. ಹಾಗಾಗಿ ಎಲ್ಲ ಸ್ಫೋಟಗಳ ನಿಜ ಪ್ರಕಾಶವೂ ಹೆಚ್ಚುಕಡಿಮೆ ಒಂದೇ. ಕಾಣುವ ಮಂಕುತನದಿಂದ ದೂರ ತಿಳಿಯುತ್ತದೆ. ಬೆಳಕಿನ ಕೆಂಪು ಪಲ್ಲಟದಿಂದ, ಅಂದರೆ ಅದರ ಅಲೆಯುದ್ದ ಹಿಗ್ಗಿ ಕೆಂಪಿನತ್ತ ಸರಿದಿರುವುದರಿಂದ, ಆ ಬೆಳಕು ಹೊರಟಾಗಿನಿಂದ ವಿಶ್ವ ಎಷ್ಟು ಹಿಗ್ಗಿದೆ ಎಂಬುದು ತಿಳಿಯುತ್ತದೆ.

ತೊಡಕಿದ್ದದ್ದು ಹುಡುಕಾಟದಲ್ಲಿ. ಒಂದು ಗೆಲಾಕ್ಸಿಯಲ್ಲಿ ಇಂಥ ಸ್ಫೋಟ ಸಾವಿರ ವರ್ಷಕ್ಕೆ ಕೆಲವು ಸಲ ಆದರೆ ಹೆಚ್ಚು. ದೊಡ್ಡ ದೂರದರ್ಶಕದ ಸಮಯವನ್ನೋ ತಿಂಗಳುಗಟ್ಟಲೆ ಮೊದಲೇ ಕೇಳಿ ಪಡೆಯಬೇಕು. ಇದಕ್ಕೆ ಕಂಡುಕೊಂಡ ಉಪಾಯ ಸೊಗಸಾಗಿದೆ. ಅಮಾವಾಸ್ಯೆ ಕಳೆದ ಕೂಡಲೇ ಚಿಲಿ ದೇಶದ ಸೆರ್ರೊ ಟೊಲೊಲೊದಲ್ಲಿರುವ 4 ಮೀಟರ್ ದೂರದರ್ಶಕದಿಂದ ಸಾವಿರಾರು ಗೆಲಾಕ್ಸಿಗಳಿರುವ ಆಕಾಶದ ತುಣುಕುಗಳ ಚಿತ್ರ ತೆಗೆಯುವುದು. ಸುಮಾರು ಮೂರು ವಾರ ಬಿಟ್ಟು, ಮುಂದಿನ ಅಮಾವಾಸ್ಯೆಗೆ ತುಸು ಮುಂಚೆ, ಅವೇ ತುಣುಕುಗಳ ಚಿತ್ರವನ್ನು ಮತ್ತೆ ತೆಗೆಯುವುದು. ಕಂಪ್ಯೂಟರಿನಲ್ಲಿ ಎರಡನೆಯದರಿಂದ ಮೊದಲನೆಯದನ್ನು ಕಳೆದಾಗ ಉಳಿಯುವ ಚುಕ್ಕೆಯೇ ಹೊಸ ಸ್ಫೋಟವಿರಬಹುದು. ಅದು ಪೂರ್ತಿ ಬೆಳಗುವ ಹೊತ್ತಿಗೆ ಆಕಾಶ ಕತ್ತಲಾಗಿರುತ್ತದೆ, ಹವಾಯಿಯ ಕೆಕ್ ದೂರದರ್ಶಕದ ಸಮಯವನ್ನೂ ಮೊದಲೇ ಕಾದಿರಿಸಲಾಗಿರುತ್ತದೆ.

1998ರಲ್ಲಿ ಹೊರಬಿದ್ದ ಫಲಿತಾಂಶ ಎರಡೂ ತಂಡಗಳನ್ನು ಬೆಚ್ಚಿಬೀಳಿಸಿತು. ದೂರದ ಸೂಪರ್‌ನೋವಾಗಳು ನಿರೀಕ್ಷೆಗಿಂತ ಸುಮಾರು ಶೇ. 20ರಿಂದ 25ರಷ್ಟು ಮಂಕಾಗಿದ್ದವು. ಅಂದರೆ ಅವು ಎಣಿಸಿದ್ದಕ್ಕಿಂತ ದೂರದಲ್ಲಿವೆ, ಹಿಗ್ಗುವಿಕೆ ಚುರುಕಾಗುತ್ತಿದೆ. ನಡುವಿನ ದೂಳು ಬೆಳಕನ್ನು ನುಂಗಿರಬಹುದೇ? ಹಾಗಿದ್ದರೆ ಇನ್ನೂ ದೂರದವು ಇನ್ನಷ್ಟು ಮಂಕಾಗಿರಬೇಕಿತ್ತು. ಹಬಲ್ ಬಾಹ್ಯಾಕಾಶ ದೂರದರ್ಶಕಕ್ಕೆ ಸಿಕ್ಕ ಅತಿ ದೂರದ ಸೂಪರ್‌ನೋವಾಗಳು ಹಾಗಿರಲಿಲ್ಲ. ಮೊದಲು ನಿಧಾನವಾಗುತ್ತಿದ್ದ ಹಿಗ್ಗುವಿಕೆ, ಸುಮಾರು 500 ಕೋಟಿ ವರ್ಷಗಳ ಹಿಂದಿನಿಂದ ವೇಗ ಪಡೆಯುತ್ತಿದೆ ಎಂಬುದಕ್ಕೆ ಅವು ಸಾಕ್ಷಿಯಾದವು. ಪರ್ಲ್‌ಮಟರ್, ಶ್ಮಿಟ್, ರೀಸ್ ಮೂವರಿಗೂ 2011ರ ನೊಬೆಲ್ ಬಂತು.

ಹೀಗೆ ವೇಗ ಹೆಚ್ಚಿಸುತ್ತಿರುವುದಕ್ಕೆ ಇಟ್ಟ ಹೆಸರು ಡಾರ್ಕ್ ಎನರ್ಜಿ, ಕಪ್ಪು ಶಕ್ತಿ. ವಿಶ್ವದ ಒಟ್ಟು ಶಕ್ತಿಯಲ್ಲಿ ಇದರ ಪಾಲು ಶೇ. 68ರಷ್ಟು, ನಕ್ಷತ್ರ, ಗ್ರಹ, ಅನಿಲವೆಲ್ಲ ಸೇರಿ ಶೇ. 5. ಆದರೂ ಒಂದು ಘನ ಮೀಟರ್ ಜಾಗದಲ್ಲಿ ಇದು ಮೂರು-ನಾಲ್ಕು ಹೈಡ್ರೋಜನ್ ಪರಮಾಣುಗಳ ದ್ರವ್ಯರಾಶಿಗೆ ಸಮನಾದಷ್ಟೇ ಇದೆ. ಜಾಗ ಹಿಗ್ಗಿದಂತೆ ದ್ರವ್ಯ ತೆಳುವಾಗುತ್ತದೆ, ಇದು ಆಗುವುದಿಲ್ಲ. ಅದಕ್ಕೇ ಕೊನೆಗೆ ಇದರ ಕೈ ಮೇಲಾಗಿದೆ.

1917ರಲ್ಲಿ ಐನ್‌ಸ್ಟೈನ್ ತಮ್ಮ ಸಮೀಕರಣಕ್ಕೆ ಸೇರಿಸಿ, ಆಮೇಲೆ ಕೈಬಿಟ್ಟಿದ್ದ ವಿಶ್ವ ಸ್ಥಿರಾಂಕ ಈ ವರ್ಣನೆಗೆ ಸರಿಹೊಂದುತ್ತದೆ. ಅದನ್ನು ನಿರ್ವಾತದ ಶಕ್ತಿಯೆಂದು ಬಗೆದು ಕ್ವಾಂಟಂ ಸಿದ್ಧಾಂತದಿಂದ ಅಂದಾಜಿಸಿದರೆ ಮಾತ್ರ, ಉತ್ತರ ಅಳತೆಗಿಂತ ಸುಮಾರು 1ರ ಮುಂದೆ 120 ಸೊನ್ನೆ ಇಟ್ಟಷ್ಟು ಪಟ್ಟು ಹೆಚ್ಚು ಬರುತ್ತದೆ. ಭೌತವಿಜ್ಞಾನದಲ್ಲಿ ಇಷ್ಟು ಎಡವಿದ ಲೆಕ್ಕ ಇನ್ನೊಂದು ಸಿಗಲಿಕ್ಕಿಲ್ಲ.

ಅಮೆರಿಕದ ಅರಿಜೋನಾದಲ್ಲಿ 5,000 ರೋಬೋಟಿಕ್ ಫೈಬರ್‌ಗಳಿಂದ ಗೆಲಾಕ್ಸಿಗಳ ಬೆಳಕು ಹಿಡಿಯುತ್ತಿರುವ ಡೆಸಿ ಉಪಕರಣದ 2024 ಮತ್ತು 2025ರ ಫಲಿತಾಂಶಗಳು, ಇತರ ಅಳತೆಗಳೊಂದಿಗೆ ಸೇರಿಸಿ ನೋಡಿದಾಗ, ಕಪ್ಪು ಶಕ್ತಿ ಇತ್ತೀಚಿನ ಕಾಲದಲ್ಲಿ ಕುಗ್ಗುತ್ತಿರಬಹುದೆಂದು ಸೂಚಿಸಿವೆ. ಆವಿಷ್ಕಾರವೆಂದು ಘೋಷಿಸುವಷ್ಟು ಬಲ ಆ ಪುರಾವೆಗೆ ಇನ್ನೂ ಬಂದಿಲ್ಲ. ಬಂದರೆ, ಸ್ಥಿರಾಂಕದ ವಿವರಣೆಯನ್ನು ಬಿಟ್ಟುಕೊಡಬೇಕಾಗುತ್ತದೆ.