ಪ್ರಿಂಟರೂ ಒಂದು ಕಡತ

ಯುನಿಕ್ಸ್ ತನ್ನ ಮೊದಲ ಕೂಲಿ ದುಡಿದದ್ದು ಕಾಗದದ ಮೇಲೆ. 1969ರಲ್ಲಿ ಮಲ್ಟಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಯೋಜನೆಯಿಂದ ಕೈತೊಳೆದುಕೊಂಡಿದ್ದ ಬೆಲ್ ಲ್ಯಾಬ್ಸ್ ಆಡಳಿತಕ್ಕೆ ಆಪರೇಟಿಂಗ್ ಸಿಸ್ಟಂ ಎಂಬ ಮಾತೇ ಬೇಡವಾಗಿತ್ತು. ಹಾಗಾಗಿ ಯುನಿಕ್ಸ್ ಕಟ್ಟುತ್ತಿದ್ದ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತವರ ಜೊತೆಗಾರರು ಹೊಸ ಪಿಡಿಪಿ-11 ಗಣಕ ಬೇಕೆಂದು ಕೇಳುವಾಗ, ದಾಖಲೆಪತ್ರಗಳನ್ನು ತಯಾರಿಸುವ ವ್ಯವಸ್ಥೆ ಮಾಡಿಕೊಡುತ್ತೇವೆ ಎಂದರು. ಯಂತ್ರ ಬಂತು. 1971ರ ಉತ್ತರಾರ್ಧದಲ್ಲಿ ಸಂಸ್ಥೆಯ ಪೇಟೆಂಟ್ ವಿಭಾಗದ ಮೂವರು ಟೈಪಿಸ್ಟರು ದಿನವಿಡೀ ಯುನಿಕ್ಸ್ ಮುಂದೆ ಕುಳಿತು ಅರ್ಜಿಗಳನ್ನು ಟೈಪಿಸಿ, ತಿದ್ದಿ, ಒಪ್ಪ ಮಾಡುತ್ತಿದ್ದರು.

ಇಷ್ಟು ಹಳೆಯ ನಂಟಿದ್ದರೂ ಯುನಿಕ್ಸ್‌ಗೆ ಪ್ರಿಂಟರ್ ಕೂರಿಸುವುದೆಂದರೆ ತಲೆನೋವು ಎಂಬ ಮಾತು ಹೋಗಿಲ್ಲ. ಡ್ರೈವರ್ ಹಾಕಿದರೆ ಮುಗಿಯಿತು ಎಂಬ ವಿಂಡೋಸ್ ರೂಢಿಯನ್ನೇ ಹೊತ್ತು ಇಲ್ಲಿಗೆ ಬರುತ್ತೇವೆ, ಅದೇ ಕಾರಣ. ಯುನಿಕ್ಸ್ ಈ ಕೆಲಸವನ್ನು ಮೂರು ತುಂಡು ಮಾಡಿಟ್ಟಿದೆ. ಕೇಬಲ್ಲಿನಲ್ಲಿ ಹೊರಟ ಬೈಟುಗಳು ಯಂತ್ರವನ್ನು ಮುಟ್ಟಬೇಕು. ಬಂದ ಕೆಲಸಗಳು ಸರದಿಯಲ್ಲಿ ನಿಲ್ಲಬೇಕು. ಕಡತವು ಆ ಯಂತ್ರಕ್ಕೆ ತಿಳಿಯುವ ಭಾಷೆಗೆ ತಿರುಗಬೇಕು. ಮೂರನ್ನೂ ಒಟ್ಟಿಗೆ ಹಚ್ಚಿ ಪ್ರಿಂಟ್ ಗುಂಡಿ ಒತ್ತಿದರೆ, ಕಾಗದ ಬಾರದಿದ್ದಾಗ ಕೆಟ್ಟಿದ್ದು ಎಲ್ಲಿ ಎಂದು ಹುಡುಕಲು ತುದಿಮೊದಲು ಸಿಗುವುದಿಲ್ಲ. ಬುಡದಿಂದ ಒಂದೊಂದೇ ಮೆಟ್ಟಿಲು ಪರೀಕ್ಷಿಸುತ್ತ ಹತ್ತುವುದು ಲೇಸು. (ಇಲ್ಲಿ ಕನ್ನಡದಲ್ಲಿ ಬರೆದಿರುವ ಆದೇಶಗಳನ್ನು ಯಂತ್ರಕ್ಕೆ ಕೊಡುವಾಗ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಟೈಪಿಸಬೇಕು.)

ಬುಡ ಎಂದರೆ ಡೆವ್ ಎಂಬ ಕೋಶ. ಯುನಿಕ್ಸ್‌ನಲ್ಲಿ ಡಿಸ್ಕು, ಕೀಲಿಮಣೆಗಳಂತೆ ಪ್ರಿಂಟರಿಗೂ ಅಲ್ಲಿ ಒಂದು ಕಡತದ ರೂಪವಿದೆ. ಅದಕ್ಕೆ ಬರೆದದ್ದು ಕಾಗದಕ್ಕೆ ಹೋಗುತ್ತದೆ. ಯುನಿಕ್ಸ್ ಬಳಗದ ಫ್ರೀಬಿಎಸ್‌ಡಿಯಲ್ಲಿ ಪ್ಯಾರಲಲ್ ಪೋರ್ಟಿನ ಪ್ರಿಂಟರಿಗೆ ಎಲ್‌ಪಿಟಿ0, ಯುಎಸ್‌ಬಿಯದಕ್ಕೆ ಯುಎಲ್‌ಪಿಟಿ0 ಎಂದು ಹೆಸರು. ಲಿನಕ್ಸ್‌ನಲ್ಲಿ ಎಲ್‌ಪಿ0, ಯುಎಸ್‌ಬಿಯಾದರೆ ಅದೇ ಹೆಸರು ಯುಎಸ್‌ಬಿ ಎಂಬ ಒಳಕೋಶದಲ್ಲಿ. ಕೇಬಲ್ ಚುಚ್ಚಿದ ಮೇಲೆ ಡಿಎಂಇಎಸ್‌ಜಿ ಆದೇಶ ಕೊಟ್ಟು, ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನೆಲ್ ಯಂತ್ರವನ್ನು ಗುರುತಿಸಿದೆಯೇ ನೋಡಬೇಕು. ಗುರುತಿಸಿದ್ದರೆ ನಿರ್ವಾಹಕನಾಗಿ, ಅಂದರೆ ರೂಟ್ ಆಗಿ, ನೇರವಾಗಿ ಆ ಕಡತಕ್ಕೇ ನಾಲ್ಕು ಸಾಲು ಕಳಿಸಿ. ಫ್ರೀಬಿಎಸ್‌ಡಿಯಲ್ಲಿ ಇದಕ್ಕೆಂದೇ ಎಲ್‌ಪಿಟೆಸ್ಟ್ ಎಂಬ ಪುಟ್ಟ ಆದೇಶವಿದೆ. ಅಕ್ಷರಮಾಲೆಯನ್ನು ಸಾಲಿಗೊಂದು ಸ್ಥಾನ ಜರುಗಿಸುತ್ತ ಪುಟ ತುಂಬಿಸುವುದಷ್ಟೇ ಅದರ ಕೆಲಸ. ಸರದಿ, ಡ್ರೈವರ್ ಯಾವುದೂ ಇಲ್ಲದೆ ಪ್ರಿಂಟರಿನ ತಲೆ ಕದಲಿತೆಂದರೆ ಕೇಬಲ್, ಪೋರ್ಟ್, ಕರ್ನೆಲ್ ಮೂರೂ ಸರಿಯಿವೆ.

ಇದೇ ಹಂತದಲ್ಲಿ ಹಳೆಯ ಲಿನಕ್ಸ್ ಬಳಕೆದಾರರು ‘ಎಲ್‌ಪಿ0 ಆನ್ ಫೈರ್’ ಎಂಬ ಸಂದೇಶ ಕಂಡು ಹೌಹಾರಿದ್ದುಂಟು. ಪ್ಯಾರಲಲ್ ಪೋರ್ಟಿನಲ್ಲಿ ಕಾಗದ ಮುಗಿದಿದೆ, ಯಂತ್ರ ಸಿದ್ಧವಿದೆ, ದೋಷವಿದೆ ಎಂದು ಹೇಳಲು ಒಂದೊಂದು ತಂತಿ ಮೀಸಲು. ಕಾಗದವೂ ಇದೆ, ಯಂತ್ರವೂ ಸಿದ್ಧವಿದೆ, ಆದರೂ ದೋಷದ ತಂತಿ ಕೂಗುತ್ತಿದೆ ಎಂದಾದರೆ ಚಾಲಕ ತಂತ್ರಾಂಶಕ್ಕೆ ಕಾರಣ ಊಹಿಸಲು ದಾರಿಯಿಲ್ಲ. ಬೆಂಕಿಯೇ ಬಿದ್ದಿರಬೇಕು ಎಂದು ಬರೆದವರು ಕೈಚೆಲ್ಲಿದ್ದರು. ಕೇಬಲ್ ಸಡಿಲವಾದರೂ ಈ ಸಂದೇಶ ಬರುತ್ತಿತ್ತು.

ಪರೀಕ್ಷಾ ಪುಟ ಬಂದರೂ ಅದರ ರೂಪ ವಿಚಿತ್ರವಾಗಿರಬಹುದು. ಮೊದಲ ಸಾಲು ಎಡ ಅಂಚಿನಿಂದ ಶುರುವಾದರೆ, ಎರಡನೆಯದು ಮೊದಲನೆಯದು ಮುಗಿದ ಜಾಗದಿಂದ, ಮೂರನೆಯದು ಇನ್ನೂ ಬಲಕ್ಕೆ. ಮೆಟ್ಟಿಲಿಳಿದಂತೆ ಇಳಿದು ಅಕ್ಷರಗಳು ಕಾಗದದ ಅಂಚಿನಾಚೆ ಉದುರಿಹೋಗುತ್ತವೆ. ಯಂತ್ರ ಕೆಟ್ಟಿಲ್ಲ. ಟೆಲಿಟೈಪ್ ಕಾಲದಿಂದಲೂ ಸಾಲು ಬದಲಿಸುವುದೆಂದರೆ ಎರಡು ಚಲನೆ: ಮುದ್ರಣದ ತಲೆ ಎಡಕ್ಕೆ ಮರಳುವುದು, ಕಾಗದ ಒಂದು ಸಾಲು ಮೇಲೇರುವುದು. ಆಸ್ಕಿ ಸಂಕೇತದಲ್ಲಿ ಮೊದಲನೆಯದು 13, ಎರಡನೆಯದು 10. ಡಾಸ್ ಎರಡನ್ನೂ ಬರೆಯುತ್ತಿತ್ತು. ಯುನಿಕ್ಸ್ ಜಿಪುಣತನ ಮಾಡಿ 10 ಒಂದರಲ್ಲೇ ಮುಗಿಸಿತು. ಹೇಳಿದಷ್ಟೇ ಮಾಡುವ ಪ್ರಿಂಟರ್ ಕಾಗದ ಏರಿಸುತ್ತದೆ, ತಲೆಯನ್ನು ಇದ್ದಲ್ಲೇ ಬಿಡುತ್ತದೆ. ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳಲ್ಲಿರುವ ಆಟೋ ಎಲ್‌ಎಫ್ ಸ್ವಿಚ್ ತಿರುಗಿಸಿದರೆ ಇದು ವಾಸಿಯಾಗದು. ಅದು ಇದರ ತಿರುಗುಮುರುಗು ಕಾಯಿಲೆಯ ಮದ್ದು, 13 ಬಂದಾಗ 10ನ್ನು ತಾನೇ ಸೇರಿಸಿಕೊಳ್ಳುತ್ತದೆ. ನಮಗೆ ಬೇಕಾದ ಔಷಧಿ ಮೂರನೆಯ ಮೆಟ್ಟಿಲಿನಲ್ಲಿದೆ.

ಲೇಸರ್ ಪ್ರಿಂಟರಿನದು ಬೇರೆ ತರಲೆ. ಅದು ಸಾಲು ಸಾಲಾಗಿ ಮುದ್ರಿಸುವುದಿಲ್ಲ, ಪುಟ ತುಂಬುವವರೆಗೆ ನೆನಪಿನಲ್ಲಿಟ್ಟು ಕಾಯುತ್ತದೆ. ನಾಲ್ಕು ಸಾಲು ಕಳಿಸಿ ಸುಮ್ಮನಾದರೆ ದೀಪ ಮಿನುಗುತ್ತದೆ, ಕಾಗದ ಬರುವುದಿಲ್ಲ. ಕೊನೆಗೆ ಪುಟ ಹೊರಹಾಕು ಎನ್ನುವ ಆಸ್ಕಿ 12ನ್ನು ಕಳಿಸಿದ ಕೂಡಲೇ ಹಾಳೆ ಹೊರಬೀಳುತ್ತದೆ. ಬರೀ ಪೋಸ್ಟ್‌ಸ್ಕ್ರಿಪ್ಟ್ ಎಂಬ ಪುಟವರ್ಣನೆಯ ಭಾಷೆ ತಿಳಿಯುವ ಯಂತ್ರವಾದರಂತೂ ಸಾದಾ ಅಕ್ಷರಗಳನ್ನು ಕಳಿಸಿ ಫಲವಿಲ್ಲ.

ಎರಡನೆಯ ಮೆಟ್ಟಿಲು ಸರದಿ. ಇಬ್ಬರು ಒಟ್ಟಿಗೆ ಡೆವ್ ಕಡತಕ್ಕೆ ಬರೆದರೆ ಒಬ್ಬರ ಸಾಲಿನೊಳಗೆ ಇನ್ನೊಬ್ಬರ ಸಾಲು ಬೆರೆಯುತ್ತದೆ. ಒಬ್ಬರೇ ಇದ್ದರೂ ಪುಟ ಮುಗಿಯುವವರೆಗೆ ಕಾದು ಕೂರಬೇಕು. ಹಿಟ್ಟಿನ ಗಿರಣಿಯಲ್ಲಿ ಡಬ್ಬವನ್ನು ಸಾಲಿನಲ್ಲಿಟ್ಟು ಮನೆಗೆ ಹೋಗುವುದಿಲ್ಲವೇ, ಅದೇ ಏರ್ಪಾಡು ಇಲ್ಲಿಯದೂ. ಬರ್ಕ್ಲಿಯ ಬಿಎಸ್‌ಡಿ ಪರಂಪರೆಯಲ್ಲಿ ಎಲ್‌ಪಿಆರ್ ಆದೇಶ ಡಬ್ಬ ಇಟ್ಟು ಬರುತ್ತದೆ; ಹಿನ್ನೆಲೆಯಲ್ಲಿ ಸದಾ ಓಡುವ ಎಲ್‌ಪಿಡಿ ಒಂದೊಂದನ್ನೇ ಬೀಸುತ್ತದೆ; ಎಲ್‌ಪಿಕ್ಯೂ ಸಾಲು ತೋರಿಸುತ್ತದೆ; ಎಲ್‌ಪಿಆರ್‌ಎಂ ಡಬ್ಬವನ್ನು ಸಾಲಿನಿಂದ ತೆಗೆಯುತ್ತದೆ.

ಎಲ್‌ಪಿಡಿಗೆ ಬೇಕಾದದ್ದೆಲ್ಲ ಇಟಿಸಿ ಕೋಶದ ಪ್ರಿಂಟ್‌ಕ್ಯಾಪ್ ಎಂಬ ಕಡತದಲ್ಲಿದೆ. ಪ್ರತಿ ಪ್ರಿಂಟರಿಗೂ ಒಂದು ನಮೂದು, ಅದರೊಳಗೆ ವಿವರ ಚಿಹ್ನೆಯಿಂದ ಬೇರ್ಪಟ್ಟ ಎರಡಕ್ಷರದ ಅಂಶಗಳು. ಮೊದಲ ನೋಟಕ್ಕೆ ಮಂತ್ರದಂತೆ ಕಂಡರೂ ಸ್ಥಳೀಯ ಪ್ರಿಂಟರಿಗೆ ನಾಲ್ಕೈದು ಸಾಕು. ಎಲ್‌ಪಿ ಎಂದರೆ ಯಾವ ಡೆವ್ ಕಡತ. ಎಸ್‌ಡಿ ಎಂದರೆ ಸರದಿಯ ಕೋಶ. ಎಸ್‌ಎಚ್ ಹಾಕಿದರೆ ಪ್ರತಿ ಕೆಲಸಕ್ಕೂ ಮುಂಚೆ ಬಳಕೆದಾರನ ಹೆಸರು ಹೊತ್ತು ಬರುವ ಹಾಳೆ ನಿಲ್ಲುತ್ತದೆ, ಮನೆಯ ಪ್ರಿಂಟರಿಗೆ ಆ ದಂಡ ಯಾಕೆ. ಎಂಎಕ್ಸ್‌ಗೆ ಸೊನ್ನೆ ಕೊಟ್ಟರೆ ಕಡತದ ಗಾತ್ರಕ್ಕೆ ಮಿತಿಯಿಲ್ಲ. ಐಎಫ್ ಎಂದರೆ ಸೋಸುಕ, ಅದಕ್ಕೆ ಬರುತ್ತೇನೆ. ಸರದಿಯ ಕೋಶವನ್ನು ನಾವೇ ಹುಟ್ಟಿಸಿ, ಅದರ ಒಡೆತನವನ್ನು ಡೀಮನ್ ಎಂಬ ಬಳಕೆದಾರನಿಗೆ ವಹಿಸಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಕೋಶ ರೂಟ್ ಹೆಸರಿನಲ್ಲೇ ಉಳಿದರೆ ಎಲ್‌ಪಿಡಿಗೆ ಅದರೊಳಗೆ ಕೈಯಾಡಿಸಲು ಬರುವುದಿಲ್ಲ. ಆಮೇಲೆ ಫ್ರೀಬಿಎಸ್‌ಡಿಯ ಆರ್‌ಸಿ ಕಾನ್ಫ್ ಕಡತದಲ್ಲಿ ಎಲ್‌ಪಿಡಿ ಎನೇಬಲ್‌ಗೆ ಯೆಸ್ ಎಂದು ಬರೆದು ಸೇವೆ ಶುರುಮಾಡಿದರೆ ಯಂತ್ರ ಮತ್ತೆ ಎದ್ದಾಗಲೂ ಸರದಿ ನಡೆಯುತ್ತದೆ.

ಮೂರನೆಯದು ಸೋಸುಕ, ಅಂದರೆ ಫಿಲ್ಟರ್. ಒಂದು ಕಡೆಯಿಂದ ಓದಿ, ಬೇಕಾದಂತೆ ಬದಲಿಸಿ, ಇನ್ನೊಂದು ಕಡೆ ಬರೆಯುವ ಪುಟ್ಟ ಕ್ರಮವಿಧಿ. ಮೆಟ್ಟಿಲು ರೋಗಕ್ಕೆ ಔಷಧಿಯೆಂದರೆ ಪ್ರತಿ 10ರ ಹಿಂದೆ 13 ಸೇರಿಸುವ ಎರಡು ಸಾಲಿನ ಶೆಲ್ ಸ್ಕ್ರಿಪ್ಟ್. ಕೊನೆಗೊಂದು 12 ಸೇರಿಸಿದರೆ ಲೇಸರಿನ ತರಲೆಯೂ ತಪ್ಪುತ್ತದೆ. ಇಡೀ ಏರ್ಪಾಡಿನ ಜಾಣತನವೆಲ್ಲ ಇಲ್ಲಿದೆ ಎಂದೇ ನನ್ನ ಎಣಿಕೆ. ಸರದಿ ನೋಡುವವನಿಗೆ ಪ್ರಿಂಟರಿನ ಭಾಷೆ ಗೊತ್ತಿರಬೇಕಿಲ್ಲ. ಭಾಷೆ ತಿರುಗಿಸುವವನಿಗೆ ಸರದಿಯ ಚಿಂತೆಯಿಲ್ಲ. 1984ರಲ್ಲಿ ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಬಂದು ಯುನಿಕ್ಸ್‌ನ ತಂತ್ರಾಂಶಗಳೆಲ್ಲ ಆ ಭಾಷೆಯಲ್ಲೇ ಪುಟ ಹೊರಡಿಸತೊಡಗಿದವು. ಅದು ತಿಳಿಯುವ ಪ್ರಿಂಟರುಗಳೋ ದುಬಾರಿ. ಪೋಸ್ಟ್‌ಸ್ಕ್ರಿಪ್ಟನ್ನು ಬೇರೆ ಪ್ರಿಂಟರುಗಳ ಭಾಷೆಗೆ ತಿರುಗಿಸಲು ಪೀಟರ್ ಡಾಯ್ಚ್ 1988ರಲ್ಲಿ ಹೊರತಂದ ಘೋಸ್ಟ್‌ಸ್ಕ್ರಿಪ್ಟನ್ನು ಸೋಸುಕದ ಜಾಗದಲ್ಲಿ ಕೂರಿಸಿದಾಗ, ಅಗ್ಗದ ಪ್ರಿಂಟರಿನಲ್ಲೂ ಅದೇ ಪುಟ ಮೂಡಿತು. ಎಲ್‌ಪಿಡಿಯಲ್ಲಿ ಒಂದಕ್ಷರ ಬದಲಿಸಬೇಕಾಗಲಿಲ್ಲ.

ಸೋಸುಕ ಸುಲಭಕ್ಕೆ ಸಿಗದ ಯಂತ್ರಗಳೂ ಇವೆ. ನಮ್ಮೂರುಗಳ ಜೆರಾಕ್ಸ್ ಅಂಗಡಿಗಳಲ್ಲಿ, ವಕೀಲರ ಮೇಜಿನ ಮೇಲೆ ಮಾಮೂಲಾಗಿ ಕಾಣುವ ಕ್ಯಾನನ್ ಎಲ್‌ಬಿಪಿ 2900ಕ್ಕೆ ಪೋಸ್ಟ್‌ಸ್ಕ್ರಿಪ್ಟೂ ತಿಳಿಯದು, ಸಾದಾ ಅಕ್ಷರವೂ ತಿಳಿಯದು. ತಯಾರಕರದೇ ಕ್ಯಾಪ್ಟ್ ಎಂಬ ನುಡಿ ಬೇಕು. ಎಚ್‌ಪಿ ಲೇಸರ್‌ಜೆಟ್ 1020 ಇನ್ನೂ ಒಂದು ಹೆಜ್ಜೆ ಮುಂದೆ. ಪ್ರತಿ ಸಲ ವಿದ್ಯುತ್ ಹಾಕಿದಾಗಲೂ ಅದರ ಒಳತಂತ್ರಾಂಶವನ್ನು ಗಣಕವೇ ತುಂಬಿಸಬೇಕು, ಅಲ್ಲಿಯವರೆಗೆ ಅದು ಬರೀ ಡಬ್ಬಿ. ಲೆಕ್ಕ ಹಾಕುವ ಕೆಲಸವನ್ನೆಲ್ಲ ಗಣಕಕ್ಕೆ ದಾಟಿಸಿ ಬೆಲೆ ಇಳಿಸುವ ಉಪಾಯವಿದು. ಯುನಿಕ್ಸ್ ಬಳಸುವವರು ಪ್ರಿಂಟರ್ ಕೊಳ್ಳುವ ಮುಂಚೆ ಅದಕ್ಕೆ ಯಾವ ಭಾಷೆ ಬರುತ್ತದೆಂದು ಕೇಳಬೇಕು, ನಿಮಿಷಕ್ಕೆ ಎಷ್ಟು ಪುಟವೆಂಬುದು ಆಮೇಲಿನ ಮಾತು.

ಇಂದು ಲಿನಕ್ಸ್ ಮತ್ತು ಮ್ಯಾಕ್ ಎರಡರಲ್ಲೂ ಈ ಮೂರೂ ಮೆಟ್ಟಿಲುಗಳನ್ನು ಸಂಭಾಳಿಸುವುದು ಕಪ್ಸ್. ಮೈಕಲ್ ಸ್ವೀಟ್ 1997ರಲ್ಲಿ ಬರೆಯತೊಡಗಿದ ಈ ತಂತ್ರಾಂಶವನ್ನು ಆಪಲ್ 2002ರಲ್ಲಿ ತನ್ನ ಮ್ಯಾಕ್‌ಗೆ ಒಗ್ಗಿಸಿಕೊಂಡು, 2007ರಲ್ಲಿ ಕೊಂಡೇಕೊಂಡಿತು. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ವಿಳಾಸದ 631ನೇ ಪೋರ್ಟ್ ತೆರೆದರೆ ಕ್ಲಿಕ್ ಮಾಡುತ್ತ ಪ್ರಿಂಟರ್ ಸೇರಿಸಬಹುದು. ಆದೇಶದಲ್ಲಾದರೆ ಎಲ್‌ಪಿಇನ್ಫೋಗೆ ವಿ ಆಯ್ಕೆ ಕೊಟ್ಟು ಯಂತ್ರದ ವಿಳಾಸ ತಿಳಿದು, ಎಲ್‌ಪಿಅಡ್ಮಿನ್‌ಗೆ ಹೆಸರು, ವಿಳಾಸ, ಮಾದರಿ ಹೇಳಿದರಾಯಿತು. ಹೆಸರಿನಲ್ಲಿ ಖಾಲಿ ಜಾಗ ಬೇಡ.

ಕಪ್ಸ್‌ನಲ್ಲಿ ಪ್ರತಿ ಸರದಿಗೂ ಎರಡು ಬಾಗಿಲುಗಳಿವೆ, ಇದನ್ನು ತಿಳಿದವರಿಗೆ ಅರ್ಧ ತೊಂದರೆ ಕಡಿಮೆ. ಡಬ್ಬ ಇಡಿಸಿಕೊಳ್ಳುವುದೊಂದು, ಬೀಸುವುದೊಂದು. ಕರೆಂಟು ಹೋದಾಗಲೂ ಗಿರಣಿಯವನು ಡಬ್ಬ ತೆಗೆದುಕೊಳ್ಳುತ್ತಾನಲ್ಲ, ಹಾಗೆ. ಮುದ್ರಣದ ನಡುವೆ ಎಡವಟ್ಟಾದರೆ ಕಪ್ಸ್ ರೂಢಿಯಂತೆ ಎರಡನೆಯ ಬಾಗಿಲು ಮುಚ್ಚಿಬಿಡುತ್ತದೆ. ಕೇಬಲ್ ಸರಿಮಾಡಿದರೂ ಅದು ತಾನಾಗಿ ತೆರೆಯುವುದಿಲ್ಲ. ಕೊಟ್ಟ ಕೆಲಸಗಳೆಲ್ಲ ಸ್ವೀಕಾರವಾಗುತ್ತಲೇ ಇರುತ್ತವೆ, ಕಾಗದ ಮಾತ್ರ ಬರುವುದಿಲ್ಲ. ಜನ ಡ್ರೈವರ್ ಕಿತ್ತು ಮತ್ತೆ ಹಾಕುವ, ಗಣಕವನ್ನೇ ಆರಿಸಿ ಹೊತ್ತಿಸುವ ಸಾಹಸಕ್ಕಿಳಿಯುತ್ತಾರೆ. ಎಲ್‌ಪಿಸ್ಟ್ಯಾಟ್‌ಗೆ ಟಿ ಆಯ್ಕೆ ಕೊಟ್ಟರೆ ‘ಡಿಸೇಬಲ್ಡ್’ ಎಂದು ಕಾಣುತ್ತದೆ. ಕಪ್ಸ್‌ಎನೇಬಲ್ ಎಂದು ಪ್ರಿಂಟರಿನ ಹೆಸರು ಕೊಟ್ಟರೆ ನಿಂತಿದ್ದೆಲ್ಲ ಹರಿದುಬರುತ್ತದೆ.

ಈಚೆಗೆ ಇನ್ನೊಂದು ತಿರುವು. ಹೊಸ ಯುಎಸ್‌ಬಿ ಪ್ರಿಂಟರುಗಳು ಕೇಬಲ್ಲಿನೊಳಗೇ ಐಪಿಪಿ ಎಂಬ ಜಾಲದ ಭಾಷೆ ಆಡುತ್ತವೆ. ಲಿನಕ್ಸ್‌ನ ಐಪಿಪಿ-ಯುಎಸ್‌ಬಿ ಎಂಬ ಸೇವೆ ಅವನ್ನು 60000ದಿಂದ ಶುರುವಾಗುವ ಪೋರ್ಟಿನಲ್ಲಿ ಜಾಲದ ಪ್ರಿಂಟರಿನಂತೆ ತೋರಿಸುತ್ತದೆ, ಡ್ರೈವರಿನ ಹಂಗೇ ಇಲ್ಲ. ಆದರೆ ಆ ಸೇವೆ ಯಂತ್ರವನ್ನು ಹಿಡಿದಿರುವಾಗ ಹಳೆಯ ಯುಎಸ್‌ಬಿ ವಿಳಾಸದಿಂದ ಪ್ರಿಂಟರ್ ಕೈಗೆ ಸಿಗದು. ಮೇಜಿನ ಮೇಲೇ ಇರುವ ಯಂತ್ರವನ್ನು ಜಾಲದ ಪಟ್ಟಿಯಲ್ಲಿ ಹುಡುಕಬೇಕು.

ಕನ್ನಡ ಪಠ್ಯದ ಮಾತು ಬಾಕಿಯಿದೆ. ಹಳೆಯ ಡಾಟ್ ಮ್ಯಾಟ್ರಿಕ್ಸ್‌ನ ಆರ್‌ಒಎಂ ಚಿಪ್ಪಿನಲ್ಲಿ ರೋಮನ್ ಅಕ್ಷರಗಳ ಚುಕ್ಕಿ ಅಚ್ಚುಗಳಷ್ಟೇ ಇರುತ್ತಿದ್ದವು. ಕನ್ನಡದ ಪುಟವನ್ನು ಅಂಥ ಯಂತ್ರಕ್ಕೆ ಚಿತ್ರವಾಗಿ ಮಾಡಿಯೇ ಕಳಿಸಬೇಕಿತ್ತು. ಈಗಿನ ಬರಹ ತಂತ್ರಾಂಶಗಳು ಪಿಡಿಎಫ್ ಕೊಡುವುದರಿಂದ ಕಪ್ಸ್‌ಗೆ ಅಡ್ಡಿಯಿಲ್ಲ. ಆದರೆ ಸಾದಾ ಪಠ್ಯದ ಕನ್ನಡ ಕಡತವನ್ನು ಕಪ್ಸ್‌ನ ಮುದ್ರಿಸುವ ಆದೇಶವಾದ ಎಲ್‌ಪಿಗೆ ನೇರ ಕೊಟ್ಟರೆ, ಕಪ್ಸ್ ಜೊತೆ ಬರುವ ಪಠ್ಯ ಸೋಸುಕಕ್ಕೆ ಒತ್ತಕ್ಷರ, ಗುಣಿತಗಳನ್ನು ಕೂಡಿಸುವ ವಿದ್ಯೆ ಗೊತ್ತಿಲ್ಲ. ಚೌಕಗಳೋ ಬಿಡಿಬಿಡಿ ಚಿಹ್ನೆಗಳೋ ಬರುತ್ತವೆ. ಪ್ಯಾಂಗೋ ಲಿಪಿಯಂತ್ರವನ್ನು ಬಳಸುವ ಪ್ಯಾಪ್ಸ್ ಎಂಬ ಆದೇಶವಿದೆ. ಕಡತವನ್ನು ಮೊದಲು ಅದಕ್ಕೆ ಕೊಟ್ಟು, ಅಲ್ಲಿಂದ ಬಂದದ್ದನ್ನು ಪೈಪ್ ಮೂಲಕ ಎಲ್‌ಪಿಗೆ ದಾಟಿಸಬೇಕು. ಫಾಂಟ್ ಆಯ್ಕೆಯಲ್ಲಿ ಗಣಕದಲ್ಲಿರುವ ಕನ್ನಡ ಫಾಂಟಿನ ಹೆಸರು ಕೊಟ್ಟಿದ್ದರೆ ‘ರಾಷ್ಟ್ರ’ದ ಒತ್ತುಗಳೂ ಸ್ವಸ್ಥಾನದಲ್ಲಿ ಬರುತ್ತವೆ.