ಮೀನಿನ ಮೈಕ್ರೋಆರ್‌ಎನ್‌ಎ: ಎಂಟ್ರಿ ಇದೆ, ವೋಚರ್ ಎಲ್ಲಿ?

ಇವತ್ತಿನ ಸಂಚಿಕೆ ಬರೀ 22 ಅಕ್ಷರ ಉದ್ದದ ಒಂದು ವಸ್ತುವಿನ ಬಗ್ಗೆ. ಹೆಸರು ಮೈಕ್ರೋಆರ್‌ಎನ್‌ಎ. 2024ರ ವೈದ್ಯಕೀಯ ನೊಬೆಲ್ ಇದನ್ನ ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ ಬಂದಾಗ ಅದು ಏನು ಮಾಡುತ್ತೆ ಅಂತ ಎಲ್ಲ ಕಡೆ ಬರೆದ್ರು. ನಾನು ಕೇಳೋ ಪ್ರಶ್ನೆ ಸ್ವಲ್ಪ ಬೇರೆ. ಇಷ್ಟು ಚಿಕ್ಕದನ್ನ ಒಂದು ಮೀನಿನ ಒಳಗಿಂದ ಹುಡುಕಿ ತೆಗೆದು, "ಇದೇ ಅದು" ಅಂತ ಹೇಳೋದು ಹೇಗೆ? ಯಾಕಂದ್ರೆ ಹಾಗೆ ಹೇಳಿದ ಎಷ್ಟೋ ಸಲ ಅದು ಅದಾಗಿರೋದೇ ಇಲ್ಲ.

ಮೊದಲು ಕೆಲಸ ಏನು ಅಂತ ನೋಡಿಬಿಡೋಣ. ಗಾಂಧಿ ಬಜಾರಿನ ಯಾವುದಾದ್ರೂ ದರ್ಶಿನಿ ನೆನಪಿಸ್ಕೊಳ್ಳಿ. ಕೌಂಟರಲ್ಲಿ ದುಡ್ಡು ಕೊಟ್ಟು ಟೋಕನ್ ತಗೋತೀರ, ಟೋಕನ್ ಕೊಟ್ಟರೆ ದೋಸೆ. ಜೀವಕೋಶದಲ್ಲಿ ಡಿಎನ್‌ಎಯಿಂದ ಬರೋ ಮೆಸೆಂಜರ್ ಆರ್‌ಎನ್‌ಎ ಅನ್ನೋದೇ ಆ ಟೋಕನ್. ಪ್ರೋಟೀನ್ ಅನ್ನೋದು ದೋಸೆ. ಮೈಕ್ರೋಆರ್‌ಎನ್‌ಎ ನಡುವೆ ನಿಂತು ಕೆಲವು ಟೋಕನ್ ಹರಿದು ಹಾಕುತ್ತೆ, ಕೆಲವನ್ನ ತಡೆದು ನಿಲ್ಲಿಸುತ್ತೆ. ಯಾವ ಟೋಕನ್ ಅಂತ ಅದು ಗುರುತಿಸೋದು ಮುಖ್ಯವಾಗಿ ತನ್ನ 2ರಿಂದ 8ನೇ ಅಕ್ಷರದವರೆಗಿನ ಹೊಂದಾಣಿಕೆಯಿಂದ. ಬರೀ ಏಳು ಅಕ್ಷರ ಆದ್ದರಿಂದ ಒಂದೇ ಮೈಕ್ರೋಆರ್‌ಎನ್‌ಎ ನೂರಾರು ಜೀನ್‌ಗಳ ಮೇಲೆ ಕೈ ಇಡಬಹುದು.

ಮೊದಲನೆಯದು 1993ರಲ್ಲಿ ಒಂದು ಸಣ್ಣ ಹುಳದಲ್ಲಿ ಸಿಕ್ತು. ಅದು ಹುಳದ ವಿಚಿತ್ರ ಅಂತ ಸುಮ್ಮನಾದವರೇ ಹೆಚ್ಚು. 2000ದಲ್ಲಿ ಲೆಟ್-7 ಅನ್ನೋ ಎರಡನೆಯದು ಸಿಕ್ಕಿ, ಅದೇ ಅಕ್ಷರಗಳು ನೊಣದಲ್ಲಿ, ಮನುಷ್ಯನಲ್ಲಿ, ಜೀಬ್ರಾಫಿಶ್‌ನಲ್ಲೂ ಇವೆ ಅಂತ ಗೊತ್ತಾದ ಮೇಲೆ ಎಲ್ಲರೂ ಎದ್ದು ಕೂತ್ರು.

ಈ ಜೀಬ್ರಾಫಿಶ್ ನಿಮಗೆ ಗೊತ್ತಿರೋ ಮೀನೇ. ಅಕ್ವೇರಿಯಂ ಅಂಗಡಿಯಲ್ಲಿ ಜೀಬ್ರಾ ಡೇನಿಯೋ ಅಂತ ಮಾರ್ತಾರಲ್ಲ, ನೀಲಿ ಪಟ್ಟೆಯ ಪುಟ್ಟ ಮೀನು, ಅದು. ನಮ್ಮ ಉಪಖಂಡದ್ದೇ. ಅದಕ್ಕೆ ವೈಜ್ಞಾನಿಕ ಹೆಸರು ಕೊಟ್ಟು, ಗಂಗಾ ನದಿಯ ಮೀನುಗಳ ಕುರಿತ 1822ರ ಪುಸ್ತಕದಲ್ಲಿ ಸೇರಿಸಿದವರು ಫ್ರಾನ್ಸಿಸ್ ಹ್ಯಾಮಿಲ್ಟನ್. ಹಳೇ ಹೆಸರು ಫ್ರಾನ್ಸಿಸ್ ಬುಕಾನನ್. ಹೌದು, ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮದ್ರಾಸಿನಿಂದ ಹೊರಟು ಬೆಂಗಳೂರಿಗೆ ಬಂದು ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬರೆದ ಅದೇ ಬುಕಾನನ್! ಇವತ್ತು ಮಲ್ಲೇಶ್ವರಂ ಪಕ್ಕದ ಐಐಎಸ್‌ಸಿಯಲ್ಲೂ ಬಳ್ಳಾರಿ ರಸ್ತೆಯ ಎನ್‌ಸಿಬಿಎಸ್‌ನಲ್ಲೂ ಈ ಮೀನಿನ ಮೇಲೆ ಸಂಶೋಧನೆ ನಡೆಯುತ್ತೆ. ಕಾರಣ ಸರಳ: ಮೊಟ್ಟೆ ತಾಯಿಯ ದೇಹದ ಹೊರಗೆ ಬೆಳೆಯುತ್ತೆ, ಭ್ರೂಣ ಪಾರದರ್ಶಕ, ಸುಮಾರು ಒಂದು ದಿನದಲ್ಲೇ ಹೃದಯ ಬಡಿಯೋದು ಕಾಣುತ್ತೆ.

ಈ ಮೀನಲ್ಲಿ ನಡೆದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಮೈಕ್ರೋಆರ್‌ಎನ್‌ಎಗಳನ್ನ ಕತ್ತರಿಸಿ ರೂಪ ಕೊಡೋ ಕತ್ತರಿಯ ಹೆಸರು ಡೈಸರ್. 2005ರಲ್ಲಿ ಆಂಟೋನಿಯೋ ಹಿರಾಲ್ಡೆಸ್, ಅಲೆಕ್ಸಾಂಡರ್ ಶಿಯರ್ ಮತ್ತು ಜೊತೆಯವರು ಡೈಸರ್ ಪೂರ್ತಿ ಇಲ್ಲದ ಜೀಬ್ರಾಫಿಶ್ ಭ್ರೂಣ ಮಾಡಿದ್ರು. ಮೆದುಳು ಸರಿಯಾಗಿ ರೂಪುಗೊಳ್ಳಲಿಲ್ಲ. ಆಮೇಲೆ ಮಿರ್-430 ಅನ್ನೋ ಒಂದೇ ಗುಂಪಿನ ಮೈಕ್ರೋಆರ್‌ಎನ್‌ಎಯನ್ನ ಹೊರಗಿಂದ ಚುಚ್ಚಿದ್ರು. ಮೆದುಳಿನ ಆಕಾರ ಬಹುಮಟ್ಟಿಗೆ ಸರಿಹೋಯ್ತು! ಅದು ಮಾಡ್ತಿದ್ದ ಕೆಲಸ ಏನು ಅಂತ ಮುಂದಿನ ವರ್ಷ ತಿಳೀತು. ತಾಯಿ ಮೀನು ಮೊಟ್ಟೆಯೊಳಗೆ ತುಂಬಿಟ್ಟಿದ್ದ ಹಳೇ ಟೋಕನ್‌ಗಳಲ್ಲಿ ನೂರಾರನ್ನ ಇದು ಗುಡಿಸಿ ಹಾಕುತ್ತೆ. ಅವು ಹೋದ್ರೇನೇ ಮರಿ ತನ್ನ ಸ್ವಂತ ಲೆಕ್ಕ ಶುರು ಮಾಡೋಕೆ ಆಗೋದು.

ಈಗ ಹುಡುಕೋ ಕೆಲಸಕ್ಕೆ ಬರೋಣ. ಮೀನಿನ ಯಕೃತ್ತೋ ಸ್ನಾಯುವೋ ತಗೊಂಡು ಅದರಲ್ಲಿರೋ ಎಲ್ಲ ಆರ್‌ಎನ್‌ಎ ಬೇರ್ಪಡಿಸ್ತಾರೆ. ಅದರಲ್ಲಿ ಸುಮಾರು 18ರಿಂದ 30 ಅಕ್ಷರದ ತುಣುಕುಗಳನ್ನ ಮಾತ್ರ ಇಟ್ಕೊಂಡು, ಎರಡೂ ತುದಿಗೆ ಗೊತ್ತಿರೋ ಒಂದು ಬಾಲ ಅಂಟಿಸಿ, ಸೀಕ್ವೆನ್ಸಿಂಗ್ ಯಂತ್ರಕ್ಕೆ ಕೊಡ್ತಾರೆ. ಲಕ್ಷಗಟ್ಟಲೆ ಸಾಲುಗಳು ಹೊರಗೆ ಬರ್ತವೆ. ಇಲ್ಲೇ ಅಪಾಯ ಇರೋದು. ದೊಡ್ಡ ಆರ್‌ಎನ್‌ಎಗಳು ಒಡೆದಾಗ ಬೀಳೋ ಚೂರೂ 22 ಅಕ್ಷರ ಇರಬಹುದು. ಅಂಡಾಶಯ, ವೃಷಣದ ಸ್ಯಾಂಪಲ್ ಆದ್ರಂತೂ ಪೈಆರ್‌ಎನ್‌ಎ ಅನ್ನೋ ಇನ್ನೊಂದು ಜಾತಿಯ, ಸ್ವಲ್ಪ ಉದ್ದದ ತುಣುಕುಗಳದ್ದೇ ರಾಜ್ಯ.

ನನ್ನ ಬಿ.ಕಾಂ. ತಲೆಗೆ ಮುಂದಿನದ್ದು ಪಕ್ಕಾ ಆಡಿಟ್. ಲೆಡ್ಜರಲ್ಲಿ ಎಂಟ್ರಿ ಇದೆ, ಸರಿ. ವೋಚರ್ ತೋರಿಸಿ.

ಮೊದಲ ವೋಚರ್ ಹೇರ್‌ಪಿನ್. ಸಿಕ್ಕಿದ ತುಣುಕು ಮೀನಿನ ಜೀನೋಮಿನಲ್ಲಿ ಎಲ್ಲಿ ಕೂರುತ್ತೆ ಅಂತ ನೋಡಿ, ಅಕ್ಕಪಕ್ಕದ ಅಕ್ಷರಗಳನ್ನೂ ಸೇರಿಸಿ ಮಡಚಿ ನೋಡ್ಬೇಕು. ನಿಜವಾದ ಮೈಕ್ರೋಆರ್‌ಎನ್‌ಎ ಸುಮಾರು 70 ಅಕ್ಷರದ, ಜಡೆಗೆ ಸಿಕ್ಕಿಸೋ ಹೇರ್‌ಪಿನ್ ಥರ ಮಡಚಿದ ತುಂಡಿನಿಂದ ಹುಟ್ಟುತ್ತೆ. ಆದರೆ ಜೀನೋಮಿನಲ್ಲಿ ಹಾಗೆ ಮಡಚಬಹುದಾದ ಜಾಗಗಳು ಬೇಕಾದಷ್ಟಿವೆ, ಹಾಗಾಗಿ ಇದೊಂದೇ ಸಾಲದು. ಡೈಸರ್ ಆ ಪಿನ್ನಿನ ಬಾಗಿದ ತುದಿ ಕತ್ತರಿಸಿದಾಗ ಎರಡು ಕಡ್ಡಿ ಉಳೀತವೆ. ಒಂದು ಕೆಲಸಕ್ಕೆ, ಇನ್ನೊಂದು ಸಾಮಾನ್ಯವಾಗಿ ಕಸಕ್ಕೆ. ಕಸಕ್ಕೆ ಹೋದದ್ದೂ ಡೇಟಾದಲ್ಲಿ ಸ್ವಲ್ಪವಾದ್ರೂ ಕಾಣಬೇಕು, ಎರಡನ್ನೂ ಜೋಡಿಸಿದಾಗ ತುದಿಯಲ್ಲಿ ಎರಡು ಅಕ್ಷರ ಹೊರಗೆ ಚಾಚಿರಬೇಕು. ಅದು ಡೈಸರ್‌ನ ಸಹಿ.

ಮತ್ತೊಂದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು: ಸಾವಿರ ಸಾಲು ಸಿಕ್ಕಿದ್ರೆ ಹೆಚ್ಚುಕಡಿಮೆ ಎಲ್ಲವೂ ಒಂದೇ ಅಕ್ಷರದಿಂದ ಶುರುವಾಗಬೇಕು. ಒಡೆದ ಚೂರು ಎಲ್ಲಿಂದ ಬೇಕಾದ್ರೂ ಶುರುವಾಗುತ್ತೆ. ಆಗಲೇ ಹೇಳಿದ ಏಳು ಅಕ್ಷರದ ಗುರುತು ಎಣಿಸೋದು ಆ ಶುರುವಿನಿಂದಲೇ ಅಲ್ವಾ? ಒಂದು ಅಕ್ಷರ ಆಚೀಚೆ ಆದ್ರೆ ಹಿಡಿಯೋ ಟೋಕನ್‌ಗಳ ಪಟ್ಟಿಯೇ ಬದಲಾಗುತ್ತೆ. 2008ರಲ್ಲಿ ಬಂದ ಮಿರ್‌ಡೀಪ್ ಅನ್ನೋ ಸಾಫ್ಟ್‌ವೇರ್ ಇಂಥದ್ದನ್ನೆಲ್ಲ ನೋಡಿ ಅಂಕ ಕೊಡುತ್ತೆ.

ಇಷ್ಟು ನೋಡಿದ್ರೂ ಮೀನಲ್ಲಿ ಎರಡು ತಲೆನೋವು ಉಳಿಯುತ್ತೆ. ಒಂದು, ಪ್ರತಿಗಳು. ಇವತ್ತಿನ ಬಹುಪಾಲು ಮೀನುಗಳ ಪೂರ್ವಜರಲ್ಲಿ 30 ಕೋಟಿ ವರ್ಷಕ್ಕೂ ಹಿಂದೆ ಇಡೀ ಜೀನೋಮ್ ಒಮ್ಮೆ ಡಬಲ್ ಆಗಿತ್ತು. ಅದು ಸಾಲದು ಅಂತ ಮಿರ್-430ರ ಹತ್ತಾರು ಪ್ರತಿಗಳು ಜೀಬ್ರಾಫಿಶ್‌ನ 4ನೇ ಕ್ರೋಮೋಸೋಮಿನಲ್ಲಿ ಸಾಲಾಗಿ ಕೂತಿವೆ. ಸಿಕ್ಕಿದ ಒಂದು ಸಾಲು ಯಾವ ಪ್ರತಿಯದ್ದು? ಯಾವ ಖಾತೆಗೆ ಬರೀತೀರಿ?

ಇನ್ನೊಂದು, ಊಟ. ನಮ್ಮ ಕಡೆ ಸಾಕೋ ರೋಹು, ಕಾಟ್ಲಾಗೆ ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಹಾಕೋದು ಹಳೇ ಪದ್ಧತಿ. (ಪರಿಷೆ ಊರಿನವರಿಗೆ ಕಡಲೆಕಾಯಿ ಎಲ್ಲ ಕಡೆ ಸಿಗುತ್ತೆ, ಬಿಡಿ.) ಕರುಳಿನ ಸ್ಯಾಂಪಲ್ ತಗೊಂಡ್ರೆ ಗಿಡದ ಆರ್‌ಎನ್‌ಎಯೂ ಜೊತೆಗೆ ಬರಬಹುದು. ಇದು ಕಲ್ಪನೆಯ ಭಯ ಅಲ್ಲ. ಅನ್ನದಲ್ಲಿರೋ ಒಂದು ಮೈಕ್ರೋಆರ್‌ಎನ್‌ಎ ಮನುಷ್ಯರ ರಕ್ತಕ್ಕೆ ಸೇರಿ ಜೀನ್ ನಿಯಂತ್ರಿಸುತ್ತೆ ಅಂತ 2011ರಲ್ಲಿ ಒಂದು ಪ್ರಬಂಧ ದೊಡ್ಡ ಸುದ್ದಿ ಮಾಡ್ತು. ಬೇರೆ ಲ್ಯಾಬ್‌ಗಳು ಮತ್ತೆ ಮಾಡಿ ನೋಡಿದಾಗ ಅದು ನಿಲ್ಲಲಿಲ್ಲ. ಸ್ಯಾಂಪಲ್ ಕಲಬೆರಕೆಯ ಅನುಮಾನವೂ ಎದ್ದಿತು.

ಲೆಕ್ಕ ಎಷ್ಟು ಕೆಟ್ಟಿತ್ತು ಅಂತ ಬೇಕಾ? ಎಲ್ಲರೂ ಬಳಸೋ ಡೇಟಾಬೇಸ್ ಮಿರ್‌ಬೇಸ್. ಬಾಸ್ಟಿಯನ್ ಫ್ರೋಮ್ ಮತ್ತು ಜೊತೆಯವರು 2015ರಲ್ಲಿ ಅದನ್ನ ಪರಿಶೀಲಿಸಿದಾಗ ಮನುಷ್ಯರ 1,881 ಎಂಟ್ರಿಗಳಲ್ಲಿ ಗಟ್ಟಿ ಸಾಕ್ಷ್ಯ ಇದ್ದದ್ದು ಮೂರರಲ್ಲಿ ಒಂದು ಪಾಲಿಗೂ ಕಡಿಮೆ. ಪ್ರಾಣಿಗಳ 7,095 ಎಂಟ್ರಿಗಳಲ್ಲಿ ಸುಮಾರು ಶೇ. 16 ಅಷ್ಟೇ. ಅದರ ಜೊತೆಗೇ ಅವರದ್ದೇ ಮಿರ್‌ಜೀನ್‌ಡಿಬಿ ಅನ್ನೋ ಬಿಗಿ ಪಟ್ಟಿ ಬಂತು. ಹಳೇ ಪಟ್ಟಿಯ ತೊಂದರೆ ಅಲ್ಲಿಗೇ ನಿಲ್ಲಲ್ಲ. ಜೀನೋಮ್ ಇನ್ನೂ ಓದಿರದ ಒಂದು ಹೊಳೆ ಮೀನು ಇದೆ ಅಂದ್ಕೊಳ್ಳಿ. ಅದರ ತುಣುಕುಗಳನ್ನ ಜೀಬ್ರಾಫಿಶ್ ಪಟ್ಟಿಗೆ ಹೋಲಿಸಿ ಹೆಸರಿಡ್ತಾರೆ, ಮಡಚಿ ನೋಡೋಕೆ ಅಕ್ಕಪಕ್ಕದ ಅಕ್ಷರಗಳೇ ಇರಲ್ಲ. ಪಟ್ಟಿಯಲ್ಲಿ ಒಂದು ಸುಳ್ಳು ಎಂಟ್ರಿ ಇದ್ರೆ ಅದು ಈ ಮೀನಿಗೂ ಬರುತ್ತೆ, ಮುಂದೆ ಇದನ್ನ ನೋಡಿ ಇನ್ನೊಂದು ಮೀನಿಗೆ. ಅದನ್ನ ನಂಬಿ ಕೂತ ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿಯ ಎರಡು ವರ್ಷ ಯಾರು ವಾಪಸ್ ಕೊಡ್ತಾರೆ?

ಜೀಬ್ರಾಫಿಶ್ ಕೈಯಲ್ಲಿದ್ರೆ ಇನ್ನೂ ಎರಡು ಪರೀಕ್ಷೆ ಮಾಡಬಹುದು. ತುಣುಕಿಗೆ ಸರಿಯಾಗಿ ಅಂಟೋ ಬಣ್ಣದ ಗುರುತು ಮಾಡಿ ಭ್ರೂಣದಲ್ಲಿ ಎಲ್ಲಿ ಕಾಣುತ್ತೆ ಅಂತ ನೋಡೋದು ಒಂದು. 2005ರಲ್ಲಿ ಹೀಗೆ 115 ಮೈಕ್ರೋಆರ್‌ಎನ್‌ಎಗಳನ್ನ ನೋಡಿದಾಗ ಹೆಚ್ಚಿನವು ತಮ್ಮದೇ ಅಂಗಾಂಶಕ್ಕೆ ಅಂಟಿಕೊಂಡಿದ್ವು: ಮಿರ್-122 ಯಕೃತ್ತಲ್ಲಿ, ಮಿರ್-124 ನರಮಂಡಲದಲ್ಲಿ. ಇನ್ನೊಂದು, ಡೈಸರ್ ಇಲ್ಲದ ಮೀನಲ್ಲಿ ಆ ತುಣುಕು ಮಾಯ ಆಗುತ್ತಾ ಅಂತ ನೋಡೋದು.

ಆದ್ರೆ ಈ ಕೊನೇ ಪರೀಕ್ಷೆಯಲ್ಲೇ ಒಂದು ತಮಾಷೆ ಆಯ್ತು. ಮಿರ್-451 ಅಂತ ಒಂದಿದೆ, ಕೆಂಪು ರಕ್ತಕಣ ಬಲಿಯೋಕೆ ಬೇಕು. 2010ರಲ್ಲಿ ಡೈಸರ್ ಇಲ್ಲದ ಜೀಬ್ರಾಫಿಶ್ ನೋಡಿದಾಗ ಉಳಿದವು ಹೋಗಿದ್ರೂ ಇದು ಹಾಗೇ ಇತ್ತು. ಇದರ ಹೇರ್‌ಪಿನ್ ಎಷ್ಟು ಗಿಡ್ಡ ಅಂದ್ರೆ ಡೈಸರ್ ಹಿಡಿಯೋಕೇ ಆಗಲ್ಲ. ಆರ್ಗೊನಾಟ್-2 ಅನ್ನೋ ಬೇರೆ ಪ್ರೋಟೀನ್ ಕತ್ತರಿಸುತ್ತೆ. ಎರಡನೇ ಕಡ್ಡಿಯೂ ಇಲ್ಲ, ಡೈಸರ್ ಸಹಿಯೂ ಇಲ್ಲ. ನಮ್ಮ ಆಡಿಟ್‌ನ ಅರ್ಧ ವೋಚರ್ ಇಲ್ಲದೇನೇ ಅದು ಮೀನಿನ ರಕ್ತದಲ್ಲಿ ಕೆಲಸ ಮಾಡ್ತಿದೆ, ನಮ್ಮ ರಕ್ತದಲ್ಲೂ.