ಘಟ್ಟದ ದಾರಿ ಬಿಟ್ಟು ಕಾಲುಹಾದಿಗೆ ಇಳಿಯುವ ಮುನ್ನ

ರಜೆ ಬಂತೆಂದರೆ ಮಲೆನಾಡಿಗೆ ಬರುವ ಕಾರುಗಳಲ್ಲಿ ಅರ್ಧ ಜೋಗಕ್ಕೆ, ಇನ್ನರ್ಧ ಆಗುಂಬೆಗೆ. ಇವೆರಡರ ನಡುವೆ ಗದ್ದಲವಿಲ್ಲದ ಇನ್ನೊಂದು ದಾರಿ ಇದೆ. ತೀರ್ಥಹಳ್ಳಿಯಿಂದ ಹೊರಟರೂ ಸರಿ, ಹೊಸನಗರದಿಂದ ನಗರದ ಮೇಲೆ ಬಂದರೂ ಸರಿ, ಮಾಸ್ತಿಕಟ್ಟೆ ದಾಟಿ ಹುಲಿಕಲ್ಲಿನಲ್ಲಿ ಬಾಳೆಬರೆ ಘಟ್ಟ ಇಳಿದು ಕುಂದಾಪುರದ ಕಡೆಗೆ ಹೋಗುವ ದಾರಿ. ಚಂಡಿಕಾಂಬೆಯ ಗುಡಿಯ ಮುಂದೆ ವಾಹನ ನಿಲ್ಲಿಸಿ ಕೈ ಮುಗಿಯದೆ ಮುಂದೆ ಹೋಗುವ ಚಾಲಕರು ಕಡಿಮೆ. ಮಳೆಗಾಲದಲ್ಲಿ ತಿರುವು ತಿರುವಿಗೂ ಬಂಡೆಯ ಮೇಲಿಂದ ನೀರು ಬೀಳುತ್ತಿರುತ್ತದೆ. ನೋಡಲು ಹೋಗಬೇಡಿ ಎಂದು ಯಾವ ವೈದ್ಯನೂ ಹೇಳಲಾರ. ನಾನೂ ವರ್ಷಕ್ಕೊಮ್ಮೆ ಹೋಗುತ್ತೇನೆ.

ದಾರಿಯ ತೊಂದರೆ ಅಂಥ ದೊಡ್ಡದಲ್ಲ. ತಿರುವಿನಲ್ಲಿ ಮಕ್ಕಳಿಗೆ ವಾಂತಿಯಾಗುತ್ತದೆ. ಹೊಟ್ಟೆ ತುಂಬ ಇಡ್ಲಿ ತಿನ್ನಿಸಿ ಕೂರಿಸುವುದೂ ತಪ್ಪು, ಬರಿ ಹೊಟ್ಟೆಯಲ್ಲಿ ಕೂರಿಸುವುದೂ ತಪ್ಪು. ಕಿಟಕಿ ತೆರೆದು ದೂರದ ಗುಡ್ಡ ನೋಡಲು ಹೇಳಿ, ಕೈಯಲ್ಲಿರುವ ಮೊಬೈಲ್ ತೆಗೆದಿಡಿ. ವಾಂತಿಯ ಮಾತ್ರೆಯನ್ನು ಘಟ್ಟಕ್ಕೆ ಬರುವ ಒಂದು ಗಂಟೆ ಮೊದಲು ಕೊಡಬೇಕು, ವಾಂತಿ ಶುರುವಾದ ಮೇಲಲ್ಲ. ಎರಡು ವರ್ಷದೊಳಗಿನ ಮಗುವಿಗೆ ಬೇಡ. ಕಾರು ಓಡಿಸುವವರಿಗಂತೂ ಬೇಡವೇ ಬೇಡ, ನಿದ್ದೆ ಬರಿಸುತ್ತದೆ.

ನಿಜವಾದ ಮಾತು ಇರುವುದು ರಸ್ತೆ ಬಿಟ್ಟು ಕಾಲುಹಾದಿಗೆ ಇಳಿದ ಮೇಲೆ.

ಮಳೆಗಾಲದಲ್ಲಿ ಇಳಿದರೆ ಇಂಬಳ ಹತ್ತುತ್ತದೆ. ಪೇಟೆಯವರು ಕಿರುಚುವುದೇ ಇದನ್ನು ನೋಡಿ. ಆದರೆ ಇಂಬಳ ಅಷ್ಟು ಕೆಟ್ಟ ಪ್ರಾಣಿಯಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಒಂದು ಪದಾರ್ಥ ಅದರ ಜೊಲ್ಲಿನಲ್ಲಿರುವುದರಿಂದ, ಅದು ಬಿದ್ದ ಮೇಲೂ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ. ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ. ಉಗುರಿನಿಂದ ಮೆಲ್ಲಗೆ ಸರಿಸಿ ಬಿಡಿಸಿ, ಸೋಪಿನಿಂದ ತೊಳೆದರೆ ಸಾಕು. ಹೃದಯದ ತೊಂದರೆಗೆ ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿರುವ ಹಿರಿಯರು ಮಾತ್ರ ಕಾರಿನಲ್ಲೇ ಕೂರುವುದು ಮೇಲು. ಮಳೆಗಾಲದಲ್ಲಿ ನಾನು ಹೆದರುವುದು ಇಂಬಳಕ್ಕಲ್ಲ, ಪಾಚಿ ಕಟ್ಟಿದ ಬಂಡೆಗೆ. 2023ರ ಜುಲೈನಲ್ಲಿ ಕೊಲ್ಲೂರಿನ ಬಳಿಯ ಅರಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಕಾಲು ಜಾರಿ ನೀರಿನ ಪಾಲಾದದ್ದು ನಿಮಗೆ ನೆನಪಿರಬಹುದು.

ಮಳೆ ನಿಂತು ನವೆಂಬರ್ ಕಳೆದರೆ ಇಂಬಳ ಮಾಯ. ಹಾದಿ ಒಣಗಿ, ತರಗೆಲೆ ಹಾಸಿಗೆಯಂತೆ ಬಿದ್ದಿರುತ್ತದೆ. ಈಗ ಏನೂ ಇಲ್ಲ, ಆರಾಮಾಗಿ ಕೂರಬಹುದು ಎನಿಸುತ್ತದೆ. ಎಚ್ಚರವಿರಬೇಕಾದದ್ದು ಈಗಲೇ. ಆ ದರಗಿನಲ್ಲಿ ಎಳ್ಳಿಗಿಂತಲೂ ಸಣ್ಣ ಉಣುಗಿನ ಮರಿಗಳಿರುತ್ತವೆ. ಹತ್ತಿದ್ದೂ ತಿಳಿಯುವುದಿಲ್ಲ, ಕಚ್ಚಿದ್ದೂ ತಿಳಿಯುವುದಿಲ್ಲ. ಮಂಗನ ಕಾಯಿಲೆ ಹರಡುವುದು ಇವುಗಳಿಂದ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು, ಅದರ ಬೆನ್ನಿಗೇ ಜನ ಜ್ವರ ಬಂದು ಮಲಗಿದಾಗ ಈ ವೈರಸ್ ಪತ್ತೆಯಾಯಿತು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಇಂದಿಗೂ ಅದಕ್ಕೆ ಆ ಕಾಡಿನದೇ ಹೆಸರು. ಆಮೇಲೆ ಸಾಗರ, ಹೊಸನಗರ, ತೀರ್ಥಹಳ್ಳಿಗಳಿಗೂ, ಜಿಲ್ಲೆಯ ಆಚೆಗೂ, ಕೇರಳದ ವಯನಾಡಿಗೂ ಹಬ್ಬಿತು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಕಾಣಿಸಿಕೊಂಡು, 2019ರ ಬೇಸಗೆಯವರೆಗೂ ಆ ಭಾಗದ ಮನೆಮನೆಗಳನ್ನು ಕಂಗೆಡಿಸಿತು. ಸಾವುಗಳೂ ಆದವು. ಇದನ್ನು ಪ್ರವಾಸಿಗಳನ್ನು ಹೆದರಿಸಲು ಬರೆಯುತ್ತಿಲ್ಲ. ಹೆಚ್ಚು ನರಳುವವರು ದರಗು ಗುಡಿಸುವ, ಸೌದೆ ತರುವ, ದನ ಮೇಯಿಸುವ ಇಲ್ಲಿಯ ಜನವೇ. ಒಂದು ದಿನ ಬಂದು ಹೋಗುವವರಿಗೆ ಬರುವುದು ಅಪರೂಪ. ಆದರೆ ಬಂದಾಗ ಗೊತ್ತಾಗುವುದು ತಡ.

ಕೆಲವು ವರ್ಷದ ಹಿಂದೆ ಫೆಬ್ರವರಿಯಲ್ಲಿ ಪರಿಚಯದವರ ಮಗನೊಬ್ಬ ಬೆಂಗಳೂರಿನಿಂದ ಫೋನ್ ಮಾಡಿದ. ನಾಲ್ಕು ದಿನದಿಂದ 103 ಡಿಗ್ರಿ ಜ್ವರ, ಹಣೆ ಸಿಡಿಯುವಂಥ ತಲೆನೋವು, ಸೊಂಟ ಮತ್ತು ಮೀನಖಂಡ ಮುಟ್ಟಲಾಗದಷ್ಟು ನೋವು, ಕಣ್ಣು ಕೆಂಪು. ಡೆಂಗೆ ಪರೀಕ್ಷೆ ಮಾಡಿಸಿ, ಇಲ್ಲವೆಂದು ಗೊತ್ತಾಗಿ, ನೋವಿನ ಮಾತ್ರೆ ನುಂಗುತ್ತಿದ್ದ. ಹಿಂದಿನ ವಾರ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದೆ. ಹೊಸನಗರದ ಕಡೆ ಮದುವೆಗೆ ಬಂದಿದ್ದನಂತೆ. ಮರುದಿನ ಗೆಳೆಯರೊಡನೆ ಒಂದು ಅಬ್ಬಿ ನೋಡಲು ಕಾಡಿನೊಳಗೆ ನಡೆದು, ದರಗಿನ ಮೇಲೆ ಕೂತು ಬುತ್ತಿ ಉಂಡಿದ್ದ. ಅವನನ್ನು ನೋಡಿದ ಡಾಕ್ಟರು ಅದನ್ನು ಕೇಳಿರಲಿಲ್ಲ, ಇವನೂ ಹೇಳಿರಲಿಲ್ಲ. ತಪ್ಪು ಯಾರದೆಂದು ನಾನು ಹೇಳಲಾರೆ, ಬೆಂಗಳೂರಿನಲ್ಲಿ ಕೂತು ಉಣುಗು ಯಾರಿಗೆ ನೆನಪಾಗುತ್ತದೆ? ರಕ್ತಪರೀಕ್ಷೆಯಲ್ಲಿ ಮಂಗನ ಕಾಯಿಲೆಯೆಂದು ಬಂತು. ಹುಡುಗ ಉಳಿದ, ಆದರೆ ಒಂದು ತಿಂಗಳು ಮೆಟ್ಟಿಲು ಹತ್ತಲಾರದಷ್ಟು ನಿತ್ರಾಣನಾಗಿದ್ದ.

ಈ ಕಾಯಿಲೆಗೆ ನೇರವಾದ ಔಷಧಿ ಇಲ್ಲ. ಹಳೆಯ ಲಸಿಕೆಯ ಪರಿಣಾಮ ಸಾಲದೆಂದು ಅದನ್ನು ಕೊಡುವುದನ್ನು ನಿಲ್ಲಿಸಿದ್ದಾರೆ, ಹೊಸದರ ಕೆಲಸ ನಡೆದಿದೆ. ಹಾಗಿರುವಾಗ ಬೇಗ ಗುರುತಿಸಿ, ದೇಹದ ನೀರಿನಂಶ ಕಾಪಾಡಿ, ರಕ್ತಸ್ರಾವದ ಮೇಲೆ ಕಣ್ಣಿಡುವುದೇ ಚಿಕಿತ್ಸೆ. ಉಣುಗು ಕಚ್ಚಿದ 3ರಿಂದ 8 ದಿನಕ್ಕೆ ಜ್ವರ ಥಟ್ಟನೆ ಏರುತ್ತದೆ. ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಬ್ರೂಫೆನ್‌ನಂಥ ಮಾತ್ರೆ ನೀವಾಗಿ ನುಂಗಬೇಡಿ, ರಕ್ತಸ್ರಾವ ಹೆಚ್ಚಬಹುದು. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಕೆಲವರಿಗೆ ಮತ್ತೆ ಮರುಕಳಿಸಿ ಮಂಪರು, ನಡುಕ ಬರುವುದುಂಟು. ಆಗ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮನುಷ್ಯನಿಂದ ಮನುಷ್ಯನಿಗೆ ಇದು ಅಂಟುವುದಿಲ್ಲ, ರೋಗಿಯನ್ನು ದೂರ ಇಡುವ ಅಗತ್ಯವಿಲ್ಲ.

ನವೆಂಬರಿನಿಂದ ಮೇವರೆಗೆ ಕಾಡುಹಾದಿಗೆ ಹೋಗುವುದಾದರೆ ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ನೋಡಲು ಚೆನ್ನಾಗಿರುವುದಿಲ್ಲ, ಇರಲಿ. ಆರೋಗ್ಯ ಇಲಾಖೆ ಕಾಡಂಚಿನ ಹಳ್ಳಿಗಳಲ್ಲಿ ಹಂಚುವ ಡೇಪಾ ತೈಲದಂಥದ್ದನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ದರಗಿನ ಮೇಲೆ ಕೂರಬೇಡಿ, ಬಂಡೆ ನೋಡಿ ಕೂರಿ. ಮನೆಗೆ ಬಂದೊಡನೆ ಬಟ್ಟೆಯನ್ನು ಹಾಸಿಗೆಯ ಮೇಲೆ ಎಸೆಯದೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ತೊಡೆಸಂದು, ಕಿವಿಯ ಹಿಂದೆ, ಮಕ್ಕಳ ತಲೆಗೂದಲು ನೋಡಿ. ಉಣುಗು ಕಂಡರೆ ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಉಗುರಿನಲ್ಲಿ ಚಿವುಟಿ ಒಡೆಯುವ ನಮ್ಮ ಅಭ್ಯಾಸವೂ ಬೇಡ.

ಹಾದಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಫೋಟೋ ತೆಗೆಯಲೂ ಬೇಡ. ಹೆಣ ತಣ್ಣಗಾದಂತೆ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತ ಹರಡಿರುತ್ತವೆ. ಇಲಾಖೆಯವರು ಬಂದು ಆ ಜಾಗದ ಸುತ್ತ ಪುಡಿ ಎರಚುವುದು ಅದಕ್ಕಾಗಿಯೇ. ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಪಂಚಾಯ್ತಿಗೋ ಜಾಗ ಎಲ್ಲಿ ಎಂದು ತಿಳಿಸಿ ಹೋಗಿ. ನೀವು ಸಂಜೆಗೆ ಊರು ಸೇರುತ್ತೀರಿ, ಆ ಹಾದಿಯಲ್ಲಿ ನಾಳೆ ಬೆಳಿಗ್ಗೆ ದರಗಿಗೆ ಬರುವವರು ಬೇರೆ ಇದ್ದಾರೆ.